ಅವ್ವನ ಜೋಡೆಳಿ

ಮೂವತ್ತೈದು ದಾಟಿದ ಮ್ಯಾಲೆ ಮತ್ತ ಕಾಲೇಜಿಗೆ ಹೋಗಿ ಚಿತ್ರಾ ಬರೀಲಿಕ್ಕೆ ಕಲಿತೆ ಅಂದ್ರ ಈಗಿನ ಹುಡುಗ್ಯಾರು ಕಣ್ಣು ಅರಳಸ್ತಾರ. ಎಷ್ಟು ಧೈರ್ಯ ನಿಮಗ ಅಂತಾರ. ಧೈರ್ಯನೂ ಅಲ್ಲ, ಮಣ್ಣೂ ಅಲ್ಲ. ಮನ್ಯಾಗ ಇರಲಿಕ್ಕೆ ಆಗಲಿಲ್ಲ, ಅದಕ್ಕ ಹೋದೆ. ಕೇಳವರಿಗೆ ಒಂದು ಸಿಹಿ ಕಥಿ ಬೇಕಾಗಿರ್ತದ. ನನ್ನ ಹತ್ರ ಸಿಹಿ ಇಲ್ಲ, ಇದ್ದದ್ದು ಹೇಳ್ತೀನಿ.

ನನ್ನ ಗಂಡ ಫೋರ್ಟ್‌ನ್ಯಾಗ ಒಂದು ಇನ್ಶೂರನ್ಸ್ ಆಫೀಸಿನ್ಯಾಗ ಕ್ಲಾರ್ಕ್ ಇದ್ರು. ಅರವತ್ತೆಂಟರ ಮಳಿಗಾಲದಾಗ ಕಾಮಾಲಿ ಆತು. ಮೊದಲ ಒಬ್ಬ ವೈದ್ಯನ ಔಷಧ, ಆಮ್ಯಾಲೆ ಇನ್ನೊಬ್ಬನ ಔಷಧ, ಕಡೀಕ ದವಾಖಾನಿ. ಅಲ್ಲಿಂದ ತಿರುಗಿ ಬರಲಿಲ್ಲ. ಮಾಟುಂಗಾದ ಒಂದು ಹಳೇ ಬಿಲ್ಡಿಂಗಿನ್ಯಾಗ ಎರಡು ಖೋಲಿ, ಒಂದು ಅಡಗಿಮನಿ ನಮ್ಮದು. ಅದರಾಗ ಅತ್ತಿಯವರು, ನನ್ನ ಗಂಡನ ಅಣ್ಣ ಅಂದ್ರ ಭಾವನವರು, ಅವರ ಹೆಂಡತಿ ಅಂದ್ರ ನನ್ನ ನೆಗೆಣ್ಣಿ, ಅವರ ಮಕ್ಕಳು, ನಾನು, ನನ್ನ ಮಗಳು. ಗಂಡ ಇದ್ದಾಗ ಆ ಮನಿ ನಮ್ಮದೂ ಆಗಿತ್ತು. ಅವರು ಹೋದ ಮ್ಯಾಲೆ ನಾವಿಬ್ರೂ ಅಲ್ಲೆ ಇರೂದು ಭಾವನವರ ದೊಡ್ಡ ಮನಸು ಆಗಿಬಿಡ್ತು. ಅದನ್ನ ಅವರು ಬಾಯಿಬಿಟ್ಟು ಒಮ್ಮೆನೂ ಅನ್ನಲಿಲ್ಲ, ಅನ್ನೂ ಅವಶ್ಯಕತಾನೂ ಇರಲಿಲ್ಲ. ನನ್ನ ಮಗಳು ಇನ್ನೊಂದು ಚಪಾತಿಗೆ ಕೈ ಚಾಚಿದಾಗ ನೆಗೆಣ್ಣಿ ಡಬ್ಬಿ ಮುಚ್ಚಳಾ ಹಾಕೂ ಸಪ್ಪಳದಾಗನ ಎಲ್ಲಾ ಗೊತ್ತಾಗ್ತಿತ್ತು.

ಮಗಳಿಗೆ ಆಗ ಒಂಬತ್ತು ವರ್ಷ. ಒಂದು ದಿನ ಊಟಕ್ಕ ಕೂತಾಗ ಭಾವನವರು ಅಕಿ ಕಡೆ ನೋಡಿ, "ಇಕಿದು ಮ್ಯಾಟ್ರಿಕ್ ಆದ ಕೂಡಲೇ ಎಲ್ಲೆರ ಒಂದು ಕಡೆ ನೋಡಿ ಕೊಟ್ಟು ಬಿಡೂಣು, ನಮ್ಮ ಜವಾಬ್ದಾರಿ ಮುಗೀತದ" ಅಂದ್ರು. ಭಾಳ ಪ್ರೀತಿಯಿಂದನ ಅಂದ್ರು. ಅತ್ತಿಯವರು ಹೂಂ ಅಂದ್ರು. ಮಗಳು ತಾಟಿನ್ಯಾಗಿನ ಅನ್ನಾ ಕಲಸ್ಕೋತ ಕೂತಿತ್ತು, ತನ್ನ ಮಾತು ನಡದದ ಅನ್ನೂದ ಅದಕ್ಕ ಗೊತ್ತಿರಲಿಲ್ಲ. ಇಲ್ಲಿಂದ ಹೊರಗ ಬೀಳಬೇಕು ಅಂತ ನಾ ಅವತ್ತ ಗಟ್ಟಿ ಮಾಡಿದೆ.

ಹೊರಗ ಬೀಳೂದು ಅಂದ್ರ ನೌಕರಿ. ನನ್ನ ಗಂಡನ ಗುರುತಿನವರೊಬ್ಬರು ದಾದರ್ ಕಡೆ ಒಂದು ಕನ್ನಡ ಸಾಲಿಗೆ ಸೆಕ್ರೆಟರಿ ಇದ್ರು. "ನಮ್ಮ ಡ್ರಾಯಿಂಗ್ ಮಾಸ್ತರು ಇನ್ನ ಮೂರು ನಾಕು ವರ್ಷದಾಗ ರಿಟೈರ್ ಆಗ್ತಾರ. ಡಿಪ್ಲೊಮಾ ತಗೊಂಡು ಬರ್ರಿ ವೈನಿ, ಆ ಜಾಗಾ ನಿಮಗ ಇಡಸ್ತೀನಿ" ಅಂದ್ರು. ಮದುವಿಗಿಂತ ಮೊದಲ ನಾ ಧಾರವಾಡದಾಗ ಎರಡು ವರ್ಷ ಚಿತ್ರಕಲಾ ಸಾಲಿಗೆ ಹೋಗಿದ್ದೆ. ಅರ್ಧಕ್ಕ ಎಬ್ಬಿಸಿ ಮಾಂಗಲ್ಯ ಕಟ್ಟಿಸಿದ್ರು. ಉಳಿದ ಅರ್ಧಾ ಮುಗಸಬೇಕಾಗಿತ್ತು. ದಾದರ್ ಸ್ಟೇಷನ್ನಿನ ಹತ್ರ ಒಂದು ಖಾಸಗಿ ಚಿತ್ರಕಲಾ ಕಾಲೇಜಿತ್ತು, ವಯಸ್ಸಿನ ಕಟ್ಟು ಅಷ್ಟೇನು ಇರಲಿಲ್ಲ. ಡ್ರಾಯಿಂಗ್ ಟೀಚರ್ ಅಂದ್ರ ಗಂಡಸರ ನಡು ಕೂಡೂ ಕೆಲಸಾ ಅಲ್ಲ ಅಂತ ಭಾವನವರೂ ಹೂಂ ಅಂದ್ರು. ಡಿಪ್ಲೊಮಾ ಬಂದ್ರ ನೌಕರಿ, ನೌಕರಿ ಬಂದ್ರ ಒಂದು ಖೋಲಿ, ಖೋಲಿ ಆದ್ರ ನನ್ನ ಮಗಳ ಹಣೇಬರಹಾ ಬ್ಯಾರೆಯವರ ತಾಟಿನ ಮುಂದ ತೀರ್ಮಾನ ಆಗೂದಿಲ್ಲ. ಕಲಾ ಗಿಲಾ ನನ್ನ ತಲ್ಯಾಗ ಇರಲಿಲ್ಲ.

ಆದ್ರ ಕೈ ಅನ್ನೂದು ಒಂದು ಇರ್ತದಲ್ಲ, ಅದರ ಬಗ್ಗೆ ಹೇಳಲಿಲ್ಲಂದ್ರ ಮುಂದಿನದು ತಿಳಿಯೂದಿಲ್ಲ.

ನಮ್ಮವ್ವಂದು ಧಾರವಾಡದಾಗ ಓಣಿಗೆಲ್ಲಾ ಹೆಸರಾದ ಕೈ. ರಂಗೋಲಿ ಹಿಟ್ಟು ಹಿಡದು ಮೂರು ಬೆರಳ ಸಂದ್ಯಾಗಿಂದ ಬಿಟ್ಲಂದ್ರ ಒಮ್ಮೆಗೇ ಎರಡು ಎಳಿ ಬೀಳ್ತಿದ್ವು, ರೈಲಿನ ಹಳಿ ಹಂಗ, ಒಂದಕ್ಕೊಂದು ತಾಗದ. ಅದಕ್ಕ ಜೋಡೆಳಿ ಅಂತಿದ್ಲು. ಚುಕ್ಕಿ ಇಟ್ಟು ಅದರ ಸುತ್ತ ಜೋಡೆಳಿ ಸುತ್ತಿ ಸುತ್ತಿ ಹೊಂಟ ಜಾಗಕ್ಕ ತಂದು ಕೂಡಸೂದು. ಎಳಿ ಬಾಯಿ ತೆರದು ಬಿಡಬಾರದು, ಅದು ಅಕಿ ಕಟ್ಟುನಿಟ್ಟು. ಇನ್ನೊಂದು ಅಕಿದ ಸ್ವಂತದ ಪದ್ಧತಿ ಇತ್ತು, ಬ್ಯಾರೆ ಯಾರ ಮನಿ ಮುಂದನೂ ನಾ ಅದನ್ನ ನೋಡಿಲ್ಲ. ಎಲ್ಲಾ ಚುಕ್ಕಿ ಎಳಿ ಒಳಗ ತಗೊಂಡ ಮ್ಯಾಲೆ ಬಲಗಡೆ ಒಂದ ಒಂದು ಚುಕ್ಕಿ ಹೊರಗ ಬಿಡ್ತಿದ್ಲು. ಯಾಕವ್ವಾ ಅಂದ್ರ, "ಬರೋರಿಗೊಂದು ಜಾಗಾ ಬ್ಯಾಡೇನು" ಅಂತಿದ್ಲು. ಅಷ್ಟ ಅದರ ಅರ್ಥ. ಮನಿಗೆ ಬರೋರಿಗೆ ಒಂದು ಮಣಿ ಇಟ್ಟಂಗ.

ಆ ಕೈ ನನಗ ಬಂತು. ಮದುವಿಯಾಗಿ ಮುಂಬೈಗೆ ಬಂದ ಮ್ಯಾಲೆ ಮಾಟುಂಗಾದ ಆ ಬಿಲ್ಡಿಂಗಿನ್ಯಾಗ ನಮ್ಮ ಬಾಗಿಲ ಮುಂದ ನಿಂತು ನೋಡಲಾರದ ಮಂದಿ ಜಿನಾದ ಮೆಟ್ಟಲಾ ಹತ್ತತಿರಲಿಲ್ಲ. ಅತ್ತಿಯವರು ಸ್ವತಃ ತಮಿಳರ ಮಾಮಿಯರನ್ನ ಕರದು ತೋರಸ್ತಿದ್ರು, ನಮ್ಮ ಸೊಸಿ ಕೈ ನೋಡ್ರಿ ಅಂತ.

ಗಂಡ ತೀರಿದ ಹದಿಮೂರು ದಿನದ ಕಾರ್ಯ ಮುಗದು ಮನಿ ಸಾರಿಸಿದ ಮುಂಜಾನಿ ನಾ ರೂಢಿ ಪ್ರಕಾರ ರಂಗೋಲಿ ಡಬ್ಬಿ ತಗೊಂಡು ಬಾಗಲಿಗೆ ಹೋದೆ. ಅತ್ತಿಯವರು ಹಿಂದಿಂದ ಬಂದು ನನ್ನ ಕೈಯಾಗಿನ ಡಬ್ಬಿ ಇಸಗೊಂಡ್ರು. ಬೈಲಿಲ್ಲ. "ಇನ್ನ ನೀ ಬ್ಯಾಡವಾ. ಹೊಸ್ತಿಲ ಮುಂದ ಮುತ್ತೈದಿ ಕೈಲೆ ಬೀಳಬೇಕು" ಅಂದು ನೆಗೆಣ್ಣಿ ಕೈಯಾಗ ಕೊಟ್ರು. ಒಂದೊಂದು ಮನಿಗೆ ಒಂದೊಂದು ಕಾಯಿದೆ ಇರ್ತದ, ನಮ್ಮ ಮನೀದು ಇದು. ದೇವರ ಮುಂದನೂ ಬ್ಯಾಡ, ತುಳಸಿ ಕುಂಡದ ಮುಂದನೂ ಬ್ಯಾಡ. ನೆಗೆಣ್ಣಿಗೆ ಒಂದು ಎಳಿ ನೆಟ್ಟಗ ಬರೂದಿಲ್ಲ. ಅಕಿ ಬಜಾರದಿಂದ ತೂತಿದ್ದ ಒಂದು ತಗಡಿನ ಕೊಳವಿ ತಂದ್ಲು, ಹಿಟ್ಟು ತುಂಬಿ ಉರಳಿಸಿಬಿಟ್ರ ತಂತಾನ ಹೂವು ಬಳ್ಳಿ ಮೂಡ್ತಾವ. ದಿನಾ ಮುಂಜಾನೆ ಅದನ್ನ ದಾಟಿ ಹಾಲು ತರಲಿಕ್ಕೆ ಇಳೀತಿದ್ದೆ. ಬೊಟ್ಟು ಹೋತು, ಬಳಿ ಹೋದ್ವು, ಅದಕ್ಕ ನಾ ಅತ್ತೆ. ಆ ಕೊಳವಿ ನೋಡಿದಾಗ ಮಾತ್ರ ಒದ್ದು ಬಿಡಬೇಕು ಅನಸ್ತಿತ್ತು.

ಹಿಂಗ ನಾ ಕಾಲೇಜಿಗೆ ಹೋದೆ. ಎಪ್ಪತ್ತನೇ ಇಸವಿ ಜೂನ್. ಕ್ಲಾಸಿನ್ಯಾಗ ಎಲ್ಲಾ ಹದಿನೆಂಟು ಇಪ್ಪತ್ತರ ಹುಡುಗ ಹುಡುಗ್ಯಾರು, ಉದ್ದ ಕೂದಲ, ಅಗಲ ಪ್ಯಾಂಟ್. ನನಗ ಮೊದಲನೇ ದಿನಾನ ಮೌಶಿ, ಅಂದ್ರ ಚಿಕ್ಕವ್ವ, ಅಂತ ಹೆಸರಿಟ್ರು. ಕೆಟ್ಟ ಹುಡುಗರೇನಲ್ಲ. ಕ್ಯಾಂಟೀನಿನ್ಯಾಗ ನನಗ ಜಾಗಾ ಬಿಡ್ತಿದ್ರು, ತಮ್ಮ ಶರ್ಟಿನ ಗುಂಡಿ ಹಚ್ಚಿಸ್ಕೋತಿದ್ರು. ಅಲ್ಲಿನೂ ನಾ ಮಂದಿ ಕೆಲಸದಾಕೀನ ಆದೆ.

ಮೊದಲನೇ ಲೈಫ್ ಕ್ಲಾಸು. ನಡುವ ಒಂದು ಸ್ಟೂಲ್ ಮ್ಯಾಲೆ ಒಬ್ಬ ಮುದುಕ ಕೂತಿದ್ದ, ಅಂವನ್ನ ನೋಡಿ ಇದ್ದಿಲಿಲೆ ಬರೀಬೇಕು. ಎಲ್ಲಾರೂ ಈಸಲ್ ಮುಂದ ನಿಂತ್ರು. ನಾ ಧಾರವಾಡದಾಗ ಕಲ್ತದ್ದು ಹದಿನೈದು ವರ್ಷದಾಗ ಹಾರಿ ಹೋಗಿತ್ತು, ಕೈಯಾಗ ಉಳದದ್ದು ಅವ್ವನ ಕಲಿಕಿ ಒಂದ. ಗೊತ್ತಿಲ್ಲದಂಗ ಬೋರ್ಡ್ ಕೆಳಗ ಹಾಸಿ ಕುಕ್ಕರಗಾಲಲೆ ಕೂತೆ. ಮೊದಲ ಚುಕ್ಕಿ ಇಟ್ಟೆ, ತಲಿಗೊಂದು, ಭುಜಕ್ಕೆರಡು, ಮೊಣಕಾಲಿಗೆರಡು. ಆಮ್ಯಾಲೆ ಕೈ ಕಾಗದಕ್ಕ ತಾಗಸದನ ಎಳಿ ಬಿಟಕೋತ ಹೋದೆ. ಎಲ್ಲಾ ಎಳಿ ತಂದು ತಂದು ಕೂಡಿಸಿದೆ, ಒಂದೂ ಬಾಯಿ ತೆರದು ಬಿಡಲಿಲ್ಲ. ಎದ್ದು ನೋಡಿದ್ರ ಮುದುಕ ಹಗ್ಗ ಹಾಕಿ ಬಿಗದ ಹಾಸಿಗಿ ಸುರಳಿ ಹಂಗ ಕಂಡ. ಹುಡುಗರು ನಕ್ಕ್ರು.

ಆ ಕ್ಲಾಸಿನ ಸರ್ ಬಂದ್ರು, ಸ್ವತಃ ಚಿತ್ರಕಾರರು. ಆಗ ಅವರಿಗೆ ನನ್ನಷ್ಟ ವಯಸ್ಸು, ಇನ್ನೊಂದೆರಡು ವರ್ಷ ಹೆಚ್ಚಿದ್ರೂ ಇರಬಹುದು. ಆ ಕಾಲೇಜಿನ್ಯಾಗ ಅವರ ಮಾತಂದ್ರ ಮಾತು. ಬೋರ್ಡಿನ ಮ್ಯಾಲೆ ಬಗ್ಗಿ ಭಾಳ ಹೊತ್ತು ನೋಡಿದ್ರು. "ಬೆಹೆನ್‌ಜಿ, ಇದು ಅಂಗಳಾ ಅಲ್ಲ" ಅಂದ್ರು ಹಿಂದಿ ಮಾತಿನ್ಯಾಗ. ಹುಡುಗರು ಮತ್ತ ನಕ್ಕ್ರು. "ನಿಮ್ಮ ಕೈಯಾಗ ಅಡಗಿಮನಿ ಕೂತದ. ಮೊದಲ ಅದನ್ನ ಹೊರಗ ಹಾಕ್ರಿ. ರೇಖಾ ಉಸಿರಾಡಬೇಕು, ನೀವು ಅದರ ಕುತ್ತಿಗಿ ಹಿಚುಕಿಬಿಟ್ಟೀರಿ."

ಬಲಗೈಗೆ ಚಟಾ ಹತ್ತೇದ, ಎಡಗೈಲೆ ಬರೀರಿ ಅಂದ್ರು. ಬರದೆ. ಒಂದು ವರ್ಷ ನಾ ಎಡಗೈಲೆ ಬರದೆ. ಹುಡುಗರು ಒಂದು ತಾಸಿನ್ಯಾಗ ಮುಗಸೂದು ನನಗ ಮೂರು ದಿನಾ ಹಿಡೀತಿತ್ತು. ಮುಂಜಾನೆ ಎದ್ದು ಅಡಗಿ ಮಾಡಿ, ಡಬ್ಬಿ ಕಟ್ಟಿ, ಲೋಕಲ್‌ನ್ಯಾಗ ನಿಂತು ಹೋಗಿ, ಸಂಜೀಕ ಬಂದು ಮತ್ತ ಒಲಿ ಮುಂದ ಕೂತು, ನಡುವ ಪ್ಲಾಟ್‌ಫಾರ್ಮಿನ್ಯಾಗ ಸುದ್ಧಾ ಎಡಗೈಲೆ ಮಂದೀನ ಬರೀತಿದ್ದೆ. ಚುಕ್ಕಿ ಬಿಟ್ಟೆ. ಕುಕ್ಕರಗಾಲು ಬಿಟ್ಟೆ. ಎಳಿ ಹರಕೊಂಡು ಹರಕೊಂಡು ಬಿಡಲಿಕ್ಕೆ ಕಲಿತೆ. ಎರಡನೇ ವರ್ಷದ ಕಡೀಗೆ ಸರ್ ನನ್ನ ಕಾಗದ ಎತ್ತಿ, "ಈಗ ಆತು ನೋಡ್ರಿ" ಅಂದ್ರು. ಆತು, ಖರೆ. ಎಲ್ಲಾರದರಂಗ ಆತು. ನನ್ನ ಕಾಗದ ಬ್ಯಾರೆಯವರ ಕಾಗದದಾಗ ಸೇರಿಸಿಟ್ರ ನನಗ ಗುರುತು ಸಿಗತಿರಲಿಲ್ಲ. ಆದ್ರೂ ಪಾಸ್ ಆಗ್ಲಿಕ್ಕೆ ಅಷ್ಟ ಸಾಕಿತ್ತು, ನನಗ ಬೇಕಾದದ್ದೂ ಅಷ್ಟ.

ಅಷ್ಟರಾಗ ಸರ್ ಪರದೇಶಕ್ಕ ಹೋಗಿ ಬಂದ್ರು. ಬರೋಮುಂದ ಪ್ಯಾಂಟ್ ಬಿಟ್ಟು ಖಾದಿ ಕುರ್ತಾ ಹಾಕ್ಕೊಂಡು ಬಂದ್ರು. ಅಲ್ಲಿ ಯಾರೋ ಅವರ ಚಿತ್ರಾ ನೋಡಿ, ಇದೆಲ್ಲಾ ನಾವು ಮಾಡಿ ಮುಗಿಸೇವಿ, ನಿಮ್ಮ ಮನೀದು ಏನರ ಇದ್ರ ತೋರಸ್ರಿ ಅಂದ್ರಂತ. ಹುಡುಗರು ಕ್ಯಾಂಟೀನಿನ್ಯಾಗ ಹಂಗ ಮಾತಾಡ್ಕೋತಿದ್ರು. ಆ ಕಾಲದಾಗ ಮುಂಬೈ ಕಲಾವಿದರಿಗೆಲ್ಲಾ ಅದ ಗಾಳಿ ಬಡದಿತ್ತು. ಪೂಜಿಯ ಯಂತ್ರಾ, ಮಂತ್ರಾ, ಬಿಂದು, ಎಲ್ಲಾ ಎದ್ದು ಕ್ಯಾನ್ವಾಸಿನ ಮ್ಯಾಲೆ ಕೂತಿದ್ವು.

ಒಂದು ಮಧ್ಯಾಹ್ನ ಸರ್ ನನ್ನ ಹತ್ರ ಬಂದು ಮೆತ್ತಗ ಕೇಳಿದ್ರು. "ಬೆಹೆನ್‌ಜಿ, ಮೊದಲನೇ ದಿನಾ ನೀವು ಕೂತು ಮಾಡಿದ್ರಲ್ಲ, ಅದನ್ನ ಮಾಡಿ ತೋರಸ್ತೀರೇನು?"

ನನಗ ಚೇಷ್ಟಿ ಅನಿಸ್ತು. ಇಲ್ಲ, ಖರೇನ ಕೇಳಿದ್ರು. ಮರುದಿನಾ ನಾ ದಾದರ್ ಮಾರ್ಕೆಟ್ಟಿಗೆ ಹೋಗಿ ಹೂವಿನವರ ಬಾಜೂಕ ಕೂಡೂ ಮುದುಕಿ ಹತ್ರ ರಂಗೋಲಿ ಹಿಟ್ಟು ಕೊಂಡೆ. ಅಕಿ ನನ್ನ ಬೋಳು ಹಣಿ ನೋಡಿದ್ಲು, ಹಿಟ್ಟು ಕಟ್ಟಿ ಕೊಟ್ಲು. ಕ್ಲಾಸು ಬಿಟ್ಟ ಮ್ಯಾಲೆ ಸ್ಟೂಲು ಬಾಜೂಕ ಸರಿಸಿ, ಕಲ್ಲಿನ ನೆಲಾ ಒದ್ದಿ ಅರಿವಿಲೆ ಒರಸಿ ಕೂತೆ. ನಾಕು ವರ್ಷ ಆಗಿತ್ತು. ಎರಡು ಎಳಿ ಬೆರಳಿಂದ ಒಮ್ಮೆಗೇ ಇಳದ್ವು, ಹಿಂದಿನ ದಿನಾ ಬಿಟ್ಟ ಕೆಲಸಾ ಹಿಡದಂಗ. ನನಗ ಎಷ್ಟು ಖುಷಿ ಆತು ಅಂತ ಯಾಕ ಮುಚ್ಚಿಡ್ಲಿ. ಹಾಕಿ ಮುಗಿಸಿ ಎದ್ದಾಗ ಕಣ್ಣಾಗ ನೀರು ಬಂದಿತ್ತು, ಹಿಟ್ಟಿನ ಧೂಳು ಅಂತ ಹೇಳಿದೆ.

"ಆ ಒಂದು ಚುಕ್ಕಿ ಯಾಕ ಹೊರಗದ?" ಅಂತ ಸರ್ ಕೇಳಿದ್ರು. ಅವ್ವನ ಮಾತು ಹೇಳಿದೆ. ಅವರು ಅದನ್ನ ಎರಡು ಸಲಾ ಹೇಳಿಸ್ಕೊಂಡ್ರು. ಹೆಂಗ ಹಿಡೀತೀರಿ, ಎಲ್ಲಿಂದ ಹೊಂಡ್ತೀರಿ, ಎಳಿ ಮುರೀದಂಗ ಮೂಲಿ ಹೆಂಗ ತಿರಗಸ್ತೀರಿ, ಎಲ್ಲಾ ಕೇಳಿದ್ರು. ಆ ಮಳಿಗಾಲ ಪೂರ್ತಿ ಹಂಗ ನಡೀತು. ನಾ ಹಾಕಬೇಕು, ಅವರು ಕುರ್ಚಿ ಮ್ಯಾಲೆ ಕೂತು ಬರಕೋಬೇಕು, ಕ್ಯಾಮರಾ ತಂದು ಫೋಟೋ ತಗೀಬೇಕು. ನಮ್ಮವ್ವನ ಕಡೆ ನಾ ಕಲ್ತದ್ದು ಏನೇನಿತ್ತೋ ಎಲ್ಲಾ ಆ ನೆಲದ ಮ್ಯಾಲೆ ಸುರುವಿದೆ. ಕಡೀಕ ಅವರು, "ನಿಮ್ಮ ಫೈನಲ್ ಕೆಲಸಾ ಇದರಾಗ ಮಾಡ್ರಿ, ಇದ ನಿಮ್ಮ ದಾರಿ" ಅಂದ್ರು. ಅಡಗಿಮನಿ ಹೊರಗ ಹಾಕ್ರಿ ಅಂದ ಬಾಯಿಲೇನ ಅಂದ್ರು. ನನಗ ಆಗ ಸಿಟ್ಟು ಬರಲಿಲ್ಲ. ಮಂಗ್ಯಾನಂಗ ಹಿಗ್ಗಿದೆ.

ಮನ್ಯಾಗ ಎಣ್ಣಿಬಣ್ಣದ ವಾಸನಿ ಅತ್ತಿಯವರಿಗೆ ಆಗ್ತಿರಲಿಲ್ಲ, ಅದಕ್ಕ ಕಾಲೇಜಿನ್ಯಾಗ ಸಂಜೀತನಕ ನಿಂತು ಮಾಡಿದೆ. ದೊಡ್ಡ ದೊಡ್ಡ ಕ್ಯಾನ್ವಾಸು. ಕಂದು ನೆಲದ ಬಣ್ಣಾ, ಅದರ ಮ್ಯಾಲೆ ಬಿಳೀ ಜೋಡೆಳಿ, ಬಲಕ್ಕ ಹೊರಗ ಒಂದು ಚುಕ್ಕಿ. ಬ್ರಷ್ಷಿನಿಂದ ಎರಡು ಎಳಿ ಒಮ್ಮೆಗೇ ಬರೂದಿಲ್ಲ, ಎರಡು ಬ್ರಷ್ ಕೂಡಿಸಿ ದಾರಾ ಸುತ್ತಿ ಕಟ್ಟಿದೆ. ಮಗಳು ರವಿವಾರ ನನ್ನ ಜೋಡಿ ಬಂದು ಮೂಲ್ಯಾಗ ಕೂತು ತನ್ನ ಗಣಿತಾ ಮಾಡ್ಕೋತಿತ್ತು.

ಪರೀಕ್ಷಾಕ್ಕ ಇನ್ನೊಂದು ತಿಂಗಳದ ಅನ್ನೂದರಾಗ ಸರ್ ಅವರ ಪ್ರದರ್ಶನ ಆತು, ಫೋರ್ಟ್‌ನ್ಯಾಗ, ನನ್ನ ಗಂಡನ ಆಫೀಸಿಂದ ನಾಕು ಹೆಜ್ಜಿ ಮ್ಯಾಲೆ. ಎಲ್ಲಾ ವಿದ್ಯಾರ್ಥಿಗಳೂ ಬರಬೇಕು ಅಂತ ಹೇಳಿದ್ರು. ಒಳ್ಳೇ ಸೀರಿ ಉಟಕೊಂಡು ಮಗಳ ಕೈ ಹಿಡಕೊಂಡು ಹೋದೆ. ಅಲ್ಲೆ ಹೋದಾಗ ಒಂದು ಉಡುಪಿ ಹೋಟೆಲಿನ್ಯಾಗ ಅಕಿಗೆ ದೋಸೆ ತಿನಿಸಿದೆ, ಅಪ್ಪಾ ಇಲ್ಲೆ ಮಧ್ಯಾಹ್ನದ ಊಟಾ ಮಾಡ್ತಿದ್ರು ಅಂತ ತೋರಿಸಿದೆ. ಅಷ್ಟು ಹುರುಪಿನಿಂದ ಹೋಗಿದ್ದೆ ನಾನು.

ಒಳಗ ಕಾಲಿಟ್ಟೆ. ನಾಕೂ ಗೋಡಿ ಮ್ಯಾಲೆ ನಮ್ಮವ್ವನ ಅಂಗಳ ಇತ್ತು.

ಬಿಳೀ ಜೋಡೆಳಿ. ನಾ ಅವತ್ತ ನೆಲದ ಮ್ಯಾಲೆ ಹಾಕಿದ್ದ ಸುತ್ತುಗಳು, ಒಂದೂ ಬಿಡದಂಗ, ಆಳಿಗಿಂತ ಎತ್ತರ ಕ್ಯಾನ್ವಾಸಿನ ಮ್ಯಾಲೆ. ಬಲಕ್ಕ ಹೊರಗ ಬಿಟ್ಟ ಚುಕ್ಕಿ ಮಾತ್ರ ಅವರು ಕುಂಕುಮದ ಕೆಂಪು ಮಾಡಿದ್ರು. ಕುಂಕುಮ ನಾ ಮುಟ್ಟೂಹಂಗಿರಲಿಲ್ಲ, ಅವರಿಗೆ ಯಾರು ಬ್ಯಾಡ ಅನ್ನಬೇಕು. ಮಗಳು ಗಟ್ಟಿಯಾಗಿ, "ಅವ್ವಾ, ಇದು ನಿಂದು" ಅಂತು. ಅಕಿ ಬಾಯಿ ಮ್ಯಾಲೆ ಕೈ ಇಟ್ಟೆ. ಸುತ್ತಲೂ ಇಂಗ್ಲಿಷ್ ಮಾತಾಡೂ ಮಂದಿ, ಕೈಯಾಗ ಗ್ಲಾಸು. ಸರ್ ನನ್ನ ನೋಡಿ ಕರದ್ರು, ಯಾರೋ ಇಬ್ಬರಿಗೆ ಪರಿಚಯ ಮಾಡಿಸಿದ್ರು, "ನನ್ನ ವಿದ್ಯಾರ್ಥಿನಿ, ಭಾಳ ಸಂಪ್ರದಾಯಸ್ಥ ಮನಿತನದವರು" ಅಂತ. ಅಷ್ಟ. ಅವರು ನನಗ ಕೈ ಮುಗದ್ರು, ನಾನೂ ಮುಗದೆ. ಇಂಗ್ಲಿಷಿನ್ಯಾಗ ಜಗಳಾ ಆಡಲಿಕ್ಕೆ ನನಗ ಬರೂದಿಲ್ಲ. ಕನ್ನಡದಾಗ ಬರ್ತದ, ಆದ್ರ ಅಲ್ಲೆ ಕನ್ನಡಾ ತಿಳಿಯೂ ಪ್ರಾಣಿ ನನ್ನ ಮಗಳು ಒಂದ.

ಪೇಪರಿನ್ಯಾಗ ಅದರ ಬಗ್ಗೆ ಉದ್ದಕ ಬರದಿದ್ರು. ಆ ಹೊರಗಿನ ಚುಕ್ಕಿ ಅಂದ್ರ ಬ್ರಹ್ಮಾಂಡದಾಗ ಒಂಟಿಯಾದ ಆತ್ಮ, ಶೂನ್ಯ, ಇನ್ನೂ ಏನೇನೋ. ನಮ್ಮವ್ವ ಕೇಳಿದ್ರ ಸೆರಗು ಬಾಯಿಗೆ ಹಿಡಕೊಂಡು ನಗತಿದ್ಲು. ಭಾವನವರು ಅದನ್ನ ಓದಿ, "ನಿಮ್ಮ ಸರ್ ಹೆಸರು ಬಂದದ ನೋಡಿದ್ಯಾ" ಅಂತ ಅಭಿಮಾನದಿಂದ ನನ್ನ ಮುಂದ ಹಿಡದ್ರು. ಆಮ್ಯಾಲೆ ಚಿತ್ರದ ಫೋಟೋ ಅತ್ತಿಯವರಿಗೆ ತೋರಿಸಿದ್ರು. ಅತ್ತಿಯವರು ಕನ್ನಡಕಾ ಹಾಕ್ಕೊಂಡು ನೋಡಿ, "ಎಷ್ಟು ಛಂದ ಹಾಕ್ಯಾರ" ಅಂದ್ರು. ನಾಕೈದು ವರ್ಷದ ಹಿಂದ ಇದ ರಂಗೋಲಿ ತಮ್ಮ ಬಾಗಿಲ ಮುಂದನ ದಿನಾ ಬೀಳತಿತ್ತು ಅನ್ನೂದು ಅವರಿಗೆ ನೆನಪಾಗಲಿಲ್ಲ.

ನನ್ನ ಕ್ಯಾನ್ವಾಸು ಬದಲಿ ಮಾಡಬೇಕೇನು ಅಂತ ವಿಚಾರ ಮಾಡಿದೆ. ಪರೀಕ್ಷಾಕ್ಕ ದಿನಾ ಉಳದಿರಲಿಲ್ಲ. ಮತ್ತ ನಾ ಯಾಕ ಬದಲಿ ಮಾಡ್ಲಿ ಅನ್ನೂ ಹಟಾನೂ ಇತ್ತು. ನಂದು ನಾ ಯಾಕ ಬಿಡಬೇಕು. ಹಂಗ ಗೋಡಿಗೆ ಸಾಲಕ ನಿಂದರಿಸಿದೆ.

ಪರೀಕ್ಷಾ ದಿನಾ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದ್ರು, ಬೆಳ್ಳಗ ಗಡ್ಡದ ಹಿರಿಯರು. ಅವರ ಜೋಡಿ ಸರ್ ಇದ್ರು. ಹುಡುಗರ ಕೆಲಸಾ ನೋಡ್ಕೋತ ನೋಡ್ಕೋತ ನನ್ನದರ ಮುಂದ ಬಂದು ನಿಂತ್ರು. ಅವರ ಮುಖಾ ಗಂಟಾತು.

"ಇವು ನಿಮ್ಮ ಸರ್ ಅವರ ಚಿತ್ರ ಅಲ್ಲೇನು?" ಅಂದ್ರು. "ಫೋರ್ಟ್‌ನ್ಯಾಗ ನೋಡೀನಿ. ನೀವು ಅದನ್ನ ಇದ್ದದ್ದು ಇದ್ದಂಗ ಇಳಿಸಿಬಿಟ್ಟೀರಲ್ಲ. ಆ ಹೊರಗಿನ ಚುಕ್ಕಿ ಸುದ್ಧಾ."

ನಾ ಸರ್ ಕಡೆ ನೋಡಿದೆ. ಅವರು ಒಂದು ಮಾತು ಅಂದಿದ್ರ ಸಾಕಿತ್ತು. ಅವರು ಕಿಡಕಿ ಕಡೆ ನೋಡಿದ್ರು. "ಇದು ನಮ್ಮ ಮನ್ಯಾಗಿನ ರಂಗೋಲಿರೀ, ನಮ್ಮವ್ವ ಹಾಕ್ತಿದ್ಲು" ಅಂದೆ ನಾನು, ಹರಕ ಮುರಕ ಹಿಂದ್ಯಾಗ. ಪರೀಕ್ಷಕರು ಪಾಪ ಒಳ್ಳೇವರು, ನಕ್ಕ್ರು. "ರಂಗೋಲಿ ಎಲ್ಲಾರ ಮನ್ಯಾಗೂ ಹಾಕ್ತಾರ ತಾಯಿ. ಅದನ್ನ ಚಿತ್ರಾ ಮಾಡಿದವರು ಇವರು" ಅಂದ್ರು. ನಕಲು ಅಂತ ಆದ್ರ ಫೇಲ್ ಮಾಡಬೇಕಾಗ್ತದ, ಅದು ನಿಯಮ ಅಂತನೂ ಅಂದ್ರು.

ಆಗ ಸರ್ ಮಾತಾಡಿದ್ರು. ಮೆತ್ತಗ, ದೊಡ್ಡ ಮನಸಿನಿಂದ. "ಇರಲಿ ಬಿಡ್ರಿ. ನನಗೇನು ಬ್ಯಾಸರಿಲ್ಲ. ಗುರುವಿನ ಪ್ರಭಾವ ಅಂದ್ರ ತಪ್ಪಲ್ಲ. ಈ ವಯಸ್ಸಿನ್ಯಾಗ ಇಷ್ಟು ಶ್ರದ್ಧಾದಿಂದ ಕಲ್ತಾರ."

ಅವರು ನನಗ ಕ್ಷಮಾ ಮಾಡಿದ್ರು, ಕೇಳಿದಿರೇನು. ನಮ್ಮವ್ವನ ಎಳಿ ನಾ ಹಾಕಿದ್ದಕ್ಕ ಅವರು ನನ್ನ ಕ್ಷಮಿಸಿದ್ರು.

ಪರೀಕ್ಷಕರು ನನ್ನ ಕಡೆ ತಿರುಗಿದ್ರು. "ಇವು ನಿಮ್ಮ ಗುರುಗಳನ್ನ ಅನುಸರಿಸಿ ಮಾಡಿದ್ದು ಅಂತ ಒಪ್ಪಿಕೋತೀರೇನು? ಹಂಗಿದ್ರ ಕೈಗೆಲಸಕ್ಕ ಮಾರ್ಕ್ಸ್ ಕೊಡಬಹುದು."

ಸಾಲಿ ಡ್ರಾಯಿಂಗ್ ಮಾಸ್ತರು ಆ ಏಪ್ರಿಲ್‌ನ್ಯಾಗ ರಿಟೈರ್ ಆಗಿದ್ರು. ಜೂನ್ ಒಂದರ ಒಳಗ ಡಿಪ್ಲೊಮಾ ಇಲ್ಲಂದ್ರ ಬ್ಯಾರೆಯವರನ್ನ ತಗೋಬೇಕಾಗ್ತದ ಅಂತ ಸೆಕ್ರೆಟರಿ ಹೇಳಿ ಕಳಿಸಿದ್ರು. ಮಗಳಿಗೆ ಹದಿನಾಲ್ಕು ನಡದಿತ್ತು, ಮನ್ಯಾಗ ಅಕಿ ಮಾತು ಊಟದ ಹೊತ್ತಿಗೆ ಮತ್ತ ಸುರು ಆಗಿತ್ತು. ನಾ "ಹೌದ್ರಿ" ಅಂದೆ.

ತಪ್ಪು ಮಾಡಿದೆ ಅಂತ ನಾ ಈಗಲೂ ಅನ್ನೂದಿಲ್ಲ. ಪಾಸ್ ಆತು. ನೌಕರಿ ಸಿಕ್ತು. ಕುರ್ಲಾ ಕಡೆ ಒಂದು ಚಾಳಿನ್ಯಾಗ ಖೋಲಿ ಸಿಕ್ತು. ಮಗಳು ಓದಿದ್ಲು, ತನಗ ಬೇಕಾದಾಗ ಬೇಕಾದವನ್ನ ಮಾಡ್ಕೊಂಡ್ಲು. ಮಂದಿ ನನಗ ಅದನ್ನ ತೋರಿಸಿ ಸಮಾಧಾನ ಹೇಳ್ತಾರ. ಸಿಕ್ಕದ್ದು ಸಿಕ್ಕದ, ಅದಕ್ಕ ನಂದು ತಕರಾರಿಲ್ಲ. ಆದ್ರ ಅದಕ್ಕ ನಾ ಏನು ಕೊಟ್ಟು ಬಂದೆ ಅನ್ನೂದನ್ನ ಆ ಸಮಾಧಾನ ಮುಚ್ಚೂದಿಲ್ಲ. ವರ್ಷಾನುಗಟ್ಟಲೆ ನಾ ಸಾಲ್ಯಾಗ ಮಕ್ಕಳಿಗೆ ಮಾವಿನಕಾಯಿ, ಹೂದಾನಿ ಬರೀಲಿಕ್ಕೆ ಕಲಿಸಿದೆ. ಸ್ವಂತದ ಒಂದು ಕ್ಯಾನ್ವಾಸು ಮತ್ತ ಕಟ್ಟಲಿಲ್ಲ. ಕಟ್ಟಿದ್ರ ಅದನ್ನ ನೋಡಿ ಯಾರರ ಸರ್ ಅವರ ಹೆಸರು ಹೇಳ್ತಾರ, ಅದನ್ನ ತಡಕೊಳ್ಳಲಿಕ್ಕೆ ನನಗ ಆಗತಿರಲಿಲ್ಲ.

ಪರೀಕ್ಷಾ ಮುಗದ ಆ ಮಧ್ಯಾಹ್ನ ನಾ ಸರ್ ಅವರನ್ನ ಕಾಲೇಜಿನ ಜಿನಾ ಮ್ಯಾಲೆ ತಡದು ನಿಂದರಿಸಿದೆ. ಪರೀಕ್ಷಕರು ಟ್ಯಾಕ್ಸಿ ಹತ್ತಿ ಹೋಗಿದ್ರು.

"ಸರ್, ನೀವು ಕಿಡಕಿ ಕಡೆ ಯಾಕ ನೋಡಿದ್ರಿ?" ಅಂದೆ.

ಅವರಿಗೆ ಗಾಬರಿನೂ ಆಗಲಿಲ್ಲ, ನಾಚಿಕಿನೂ ಆಗಲಿಲ್ಲ. ಸಣ್ಣ ಹುಡುಗಿಗೆ ತಿಳಿಸಿ ಹೇಳೂಹಂಗ ಹೇಳಿದ್ರು. "ಬೆಹೆನ್‌ಜಿ, ಇದು ನಿಮ್ಮದು ಹೆಂಗ ಆಗ್ತದ? ನಿಮ್ಮ ತಾಯೀದು. ಅವರಿಗೆ ಅವರ ತಾಯಿ ಕಡೆಯಿಂದ ಬಂದದ್ದು. ಇಂಥಾದ್ದಕ್ಕೆಲ್ಲಾ ಯಾರೂ ಮಾಲೀಕರು ಇರೂದಿಲ್ಲ."

"ನನಗ ನಮ್ಮವ್ವ ಕೊಟ್ಟಾಳ. ನಿಮಗ ಯಾರು ಕೊಟ್ರು?"

ಖರೇನ ಅವರಿಗೆ ನನ್ನ ಪ್ರಶ್ನೆ ತಿಳಿದಿರಲಿಲ್ಲ.

"ನೀವ ಕೊಟ್ರಿ" ಅಂದ್ರು. "ನಾ ಕೇಳಿದೆ, ನೀವು ಕೊಟ್ರಿ. ಬ್ಯಾಡ ಅಂದಿದ್ರ ನಾ ಬಿಡ್ತಿದ್ದೆ."

ಅಂದು, ಇಳಿದು ಹೋದ್ರು. ನಾ ಮೆಟ್ಟಲ ಬಾಜೂದ ಕಠಡಾ ಹಿಡಕೊಂಡು ಅಲ್ಲೇ ನಿಂತೆ. ಬ್ಯಾಡ ಅನ್ನಲಿಕ್ಕೆ ನನಗ ಹೆಂಗ ಬರಬೇಕು. ನಾಕು ವರ್ಷ ಮನ್ಯಾಗ ಎಲ್ಲಾರೂ ನನ್ನ ಕೈಗೆ ಬ್ಯಾಡ ಬ್ಯಾಡ ಅಂದಿದ್ರು. ಒಂದು ಸಲಾ ಹಾಕಿ ತೋರಸ್ರಿ ಅಂತ ಕೇಳಿದವರು ಅವರೊಬ್ಬರ ಇದ್ರು.